ದಾಕ್ಷಾಯಣಿಯ ಅಂಗೈ ಕೆಳಗೆ

ನಾನು ಒಂದು ಮೌಸ್. ಎರಡು ಗುಂಡಿ, ನಡುವೆ ಒಂದು ಚಕ್ರ, ಹಿಂದೊಂದು ಉದ್ದ ಬಾಲ, ಮೈಯೆಲ್ಲ ಕಪ್ಪು. ಕಣ್ಣು ಒಂದೇ, ಅದೂ ಹೊಟ್ಟೆಯ ಕೆಳಗೆ. ಆ ಕಣ್ಣಿಗೆ ಕಾಣುವುದು ಕೆಳಗೆ ಹಾಸಿದ ಪ್ಯಾಡಿನ ಬಟ್ಟೆ ಮಾತ್ರ. ಆದ್ದರಿಂದ ನನ್ನನ್ನು ಬಳಸಿದವರ ಮುಖ ಹೇಗಿತ್ತು ಎಂದು ಕೇಳಿದರೆ ಹೇಳಲಾರೆ. ಅವರ ಅಂಗೈ ಹೇಗಿತ್ತು ಎಂದು ಕೇಳಿ, ಒಂದೊಂದು ಗೆರೆಯನ್ನೂ ಹೇಳುತ್ತೇನೆ. ಮಾತು ಕೇಳಿಸುತ್ತದೆ. ಪರದೆಯ ಮೇಲೆ ಏನು ನಡೆಯುತ್ತಿದೆ ಎಂಬುದೂ ಗೊತ್ತಾಗುತ್ತದೆ, ಏಕೆಂದರೆ ಅಲ್ಲಿ ನಡೆಯುವುದರಲ್ಲಿ ಅರ್ಧ ನನ್ನಿಂದಲೇ ನಡೆಯುವುದು.

ಹುಟ್ಟಿದ್ದು ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ. ಹೆಬ್ಬೆರಳಿಗೆ ಪಟ್ಟಿ ಸುತ್ತಿಕೊಂಡಿದ್ದ ಒಬ್ಬ ಹೆಂಗಸು ನನ್ನ ಎಡಗುಂಡಿಯನ್ನು ಹತ್ತು ಸಲ, ಬಲಗುಂಡಿಯನ್ನು ಹತ್ತು ಸಲ ಒತ್ತಿ, ಚಕ್ರ ತಿರುಗಿಸಿ, ಸರಿಯಿದೆ ಎಂದು ಒಪ್ಪಿ ಪೆಟ್ಟಿಗೆಗೆ ಹಾಕಿದಳು. ಆಮೇಲೆ ತಿಂಗಳುಗಟ್ಟಲೆ ಕತ್ತಲು, ಹಡಗಿನ ಓಲಾಟ, ಲಾರಿಯ ಕುಲುಕಾಟ. ಮತ್ತೆ ಬೆಳಕು ಕಂಡಾಗ ಹುಬ್ಬಳ್ಳಿಯಲ್ಲಿದ್ದೆ.

ಪೆಟ್ಟಿಗೆ ಬಿಚ್ಚಿದವನು ಅಶ್ಫಾಕ್ ಮುಲ್ಲಾ. ವಿದ್ಯಾನಗರದಲ್ಲಿ ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ಅವನ ಅಂಗಡಿ. ಬೆಳಿಗ್ಗೆ ಅದು ಅರ್ಜಿ ತುಂಬುವ ಜಾಗ: ಪಹಣಿ, ಪಿಂಚಣಿ, ಪರೀಕ್ಷೆಯ ಫಾರ್ಮು. ಮಧ್ಯಾಹ್ನದ ಮೇಲೆ ಅದೇ ಕಂಪ್ಯೂಟರುಗಳಲ್ಲಿ ಆಟ. ಆಗ ಅದರ ಹೆಸರು ಗೇಮಿಂಗ್ ಸೆಂಟರ್. ನನ್ನನ್ನು ನಾಲ್ಕನೇ ಸೀಟಿಗೆ ಸಿಕ್ಕಿಸಿದ.

ಮೊದಲ ವರ್ಷ ನೂರಾರು ಕೈ ಕಂಡೆ. ಗಿರ್ಮಿಟ್ ತಿಂದು ಒರೆಸಿಕೊಳ್ಳದ ಎಣ್ಣೆ ಕೈ, ಪರೀಕ್ಷೆಯ ಫಲಿತಾಂಶ ನೋಡಲು ಬಂದ ತಣ್ಣನೆಯ ಕೈ, ಸೋತ ಕೂಡಲೇ ನನ್ನನ್ನು ಎತ್ತಿ ಮೇಜಿಗೆ ಕುಟ್ಟುವ ಕೈ. ಈ ಮೂರನೆಯ ಜಾತಿಯವರು ಬಂದಾಗಲೆಲ್ಲ ಅಶ್ಫಾಕ್ ದೂರದಿಂದಲೇ ಕೆಮ್ಮುತ್ತಿದ್ದ. ಅಷ್ಟಕ್ಕೇ ಅವರು ನನ್ನನ್ನು ಮೆತ್ತಗೆ ಕೆಳಗಿಡುತ್ತಿದ್ದರು.

ನಾಲ್ಕನೇ ಸೀಟನ್ನು ತನ್ನದೆಂದು ಮಾಡಿಕೊಂಡವಳು ದಾಕ್ಷಾಯಣಿ ಬಡಿಗೇರ. ಇಪ್ಪತ್ಮೂರು ವರ್ಷ. ದುರ್ಗದ ಬೈಲಿನ ಹತ್ತಿರ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಲಗ್ನಪತ್ರಿಕೆ ಜೋಡಿಸುವ ಕೆಲಸ. ದಿನವಿಡೀ ಯಾರದೋ ಮಗ, ಯಾರದೋ ಮಗಳು, ಯಾರದೋ ಮುಹೂರ್ತ. ನಾಲ್ಕೂವರೆಗೆ ಕೆಲಸ ಮುಗಿಸಿ ಐದಕ್ಕೆ ಸೆಂಟರಿಗೆ ಬರುತ್ತಿದ್ದಳು. ಸಣ್ಣ ಅಂಗೈ. ತೋರುಬೆರಳಿನ ತುದಿಯಲ್ಲಿ ಕಾಗದ ಕೊಯ್ದ ಗುರುತು. ಆ ಬೆರಳು ಎಡಗುಂಡಿಯ ಮೇಲೆ ಕೂತರೆ ಗುಬ್ಬಿ ಕೂತ ಹಾಗೆ.

ಅವಳು ಆಡುತ್ತಿದ್ದುದು ಐವರ ಎದುರು ಐವರು ಆಡುವ ಗುಂಡಿನಾಟ. ಒಂದು ತಂಡ ಗೋದಾಮನ್ನು ಕಾಯಬೇಕು, ಇನ್ನೊಂದು ತಂಡ ಒಳಗೆ ನುಗ್ಗಬೇಕು. ಗುಂಡು ತಗುಲಿದವರು ಆ ಸುತ್ತಿನಿಂದ ಹೊರಗೆ. ಹದಿಮೂರು ಸುತ್ತು ಮೊದಲು ಗೆದ್ದವರದು ಪಂದ್ಯ. ದಾಕ್ಷಾಯಣಿ ಮತ್ತು ವಿಠ್ಠಲ ಲದ್ವಾ ಸೇರಿ ಎರಡು ವರ್ಷದ ಹಿಂದೆ ಒಂದು ತಂಡ ಕಟ್ಟಿದ್ದರು. ಊರಿನ ಉಣಕಲ್ ಕೆರೆಯ ನೆನಪಿಗೆ ಹೆಸರು 'ಉಣಕಲ್ ಐದು'. ವಿಠ್ಠಲ ನಾಯಕ, ಬಟ್ಟೆ ಅಂಗಡಿಯವರ ಮಗ. ಕೆಟ್ಟವನಲ್ಲ, ಆದರೆ ಗೆಲುವಿನ ವಿಷಯದಲ್ಲಿ ನಗು ಬಾರದ ಮನುಷ್ಯ. ಕಠಿಣ ಸುತ್ತಿನಲ್ಲಿ ಕೊನೆಯವರೆಗೂ ನಿಲ್ಲುವವಳು ದಾಕ್ಷಾಯಣಿ ಎಂದು ಊರಿನ ಆಟಗಾರರಲ್ಲಿ ಹೆಸರಿತ್ತು. ಪ್ರೆಸ್ಸಿನಲ್ಲಿ ಅವಳನ್ನು ಎಲ್ಲರೂ 'ಡಿಸೈನ್ ಮಾಡೋ ಹುಡುಗಿ' ಎನ್ನುತ್ತಿದ್ದರು. ಸೆಂಟರಿನ ಮೆಟ್ಟಿಲು ಹತ್ತಿದರೆ ಮಾತ್ರ ಅವಳು ದಾಕ್ಷಿ.

ಧಾರವಾಡದ ಒಂದು ಪಂದ್ಯದಲ್ಲಿ ಅವಳಿಗೆ ಏನೋ ಆಯಿತು. ಆ ದಿನ ನಾನು ಹೋಗಿರಲಿಲ್ಲ, ಕೇಳಿದ್ದನ್ನು ಹೇಳುತ್ತಿದ್ದೇನೆ. ಕೊನೆಯ ಸುತ್ತು, ಎದುರಿಗೆ ಒಬ್ಬನೇ ಒಬ್ಬ, ಅವನೂ ಬೆನ್ನು ತಿರುಗಿಸಿ ನಿಂತಿದ್ದ. ಅಷ್ಟು ಹತ್ತಿರದಿಂದ ದಾಕ್ಷಾಯಣಿ ಗುರಿ ತಪ್ಪಿದಳು. ಕೈ ಕಟ್ಟಿ ಹಾಕಿದ ಹಾಗಾಯಿತು ಎಂದು ಆಮೇಲೆ ಅಶ್ಫಾಕನ ಮುಂದೆ ಹೇಳಿಕೊಂಡಳು.

ಅಲ್ಲಿಂದ ಅವಳ ಅಭ್ಯಾಸ ಎರಡು ಪಟ್ಟಾಯಿತು. ಬಂದ ಕೂಡಲೇ ಒಂದು ಗಂಟೆ ಆಟದೊಳಗಿನ ತಗಡಿನ ಬೊಂಬೆಗಳಿಗೆ ಗುರಿ ಇಡುವುದು. ನೂರಕ್ಕೆ ಎಷ್ಟು ಬಿತ್ತು ಎಂದು ನೋಟುಬುಕ್ಕಿನಲ್ಲಿ ಬರೆಯುವುದು. ಮೊದಲ ವಾರ ಎಂಬತ್ತೊಂದು, ಮುಂದಿನ ವಾರ ಎಪ್ಪತ್ತಾರು, ಅದರ ಮುಂದಿನ ವಾರ ಎಪ್ಪತ್ತು. ಅಂಕಿ ಇಳಿದಷ್ಟೂ ಅವಳು ನನ್ನನ್ನು ಬಿಗಿಯಾಗಿ ಹಿಡಿದಳು. ಹೆಬ್ಬೆರಳು ನನ್ನ ಪಕ್ಕೆಗೆ ಒತ್ತಿ ಪ್ಲಾಸ್ಟಿಕ್ ಕಿರ್ ಎನ್ನುತ್ತಿತ್ತು. ಮಣಿಕಟ್ಟು ಕಟ್ಟಿಗೆಯಂತೆ ಬಿಗಿ. ಒಂದಿಂಚು ಸರಿಯಬೇಕಾದಲ್ಲಿ ನಾನು ಎರಡಿಂಚು ಜಿಗಿಯುತ್ತಿದ್ದೆ. ತಪ್ಪು ನನ್ನದೇನೋ ಎಂದು ಅವಳು ಒಮ್ಮೆ ನನ್ನನ್ನು ಬೋರಲು ಹಾಕಿ ಕಣ್ಣು ಒರೆಸಿ ನೋಡಿದಳು. ಕಣ್ಣಿನಲ್ಲಿ ಧೂಳಿರಲಿಲ್ಲ.

ಒಂದು ಸಂಜೆ ವಿಠ್ಠಲ ಅವಳ ಕುರ್ಚಿಯ ಹಿಂದೆ ಬಂದು ನಿಂತ. "ದಾಕ್ಷಿ, ಬ್ಯಾಸರ ಮಾಡ್ಕೋಬ್ಯಾಡ. ಬೆಳಗಾವಿ ಮ್ಯಾಚಿಗೆ ನಿನ್ನ ಜಾಗಾಕ್ಕ ಗದಗಿಂದ ಒಬ್ಬಾಂವನ್ನ ನೋಡಾಕತ್ತೀನಿ. ಇನ್ನೂ ಎರಡು ತಿಂಗಳ ಐತಿ. ಅಷ್ಟರಾಗ ನಿನ್ನ ಕೈ ಸರಿಹೋದ್ರ ನೀನ ಆಡು."

ಅವಳು ಆಯ್ತು ಎಂದಳು. ಅಂಗೈ ನನ್ನ ಮೇಲೆ ಹಾಗೇ ಇತ್ತು, ಆದರೆ ಅದರಲ್ಲಿ ಯಾರೂ ಇರಲಿಲ್ಲ.

ಆ ಹೊತ್ತಿಗೆ ಕಂಬಳಿ ಕಾಕಾ ಸೆಂಟರಿಗೆ ಬರಲು ತೊಡಗಿ ಒಂದು ತಿಂಗಳಾಗಿತ್ತು. ಪೂರ್ತಿ ಹೆಸರು ಬಸಲಿಂಗಪ್ಪ ಕಂಬಳಿ. ಮೂವತ್ತೊಂದು ವರ್ಷ ಸರ್ಕಾರಿ ಬಸ್ಸು ಓಡಿಸಿ ನಿವೃತ್ತರಾದವರು. ಅದರಲ್ಲಿ ಹದಿನೆಂಟು ವರ್ಷ ಹುಬ್ಬಳ್ಳಿಯಿಂದ ಕಾರವಾರಕ್ಕೆ, ಅರಬೈಲ್ ಘಟ್ಟ ಇಳಿದು ಹತ್ತಿ. ಪಿಂಚಣಿಗಾಗಿ ತಾನು ಬದುಕಿದ್ದೇನೆ ಎಂಬ ಸರ್ಟಿಫಿಕೇಟು ಮಾಡಿಸಲು ಬಂದಿದ್ದರು. ಅವರ ಹೆಬ್ಬೆರಳ ಗುರುತನ್ನು ಯಂತ್ರ ಒಪ್ಪಲಿಲ್ಲ. ಸ್ವಲ್ಪ ಹೊತ್ತು ಕೂಡ್ರಿ, ಮತ್ತೊಮ್ಮೆ ನೋಡೋಣ ಎಂದು ಅಶ್ಫಾಕ್ ಖಾಲಿ ಸೀಟಿನಲ್ಲಿ ಕೂರಿಸಿದ. ಆ ಪರದೆಯಲ್ಲಿ ಯಾರೋ ಬಿಟ್ಟು ಹೋಗಿದ್ದ ಆಟ ತೆರೆದೇ ಇತ್ತು. ಇದೇನು ಎಂದು ಕಾಕಾ ಕೇಳಿದರು. ಬೇಸರ ಕಳೆಯಲಿ ಎಂದು ಅಶ್ಫಾಕ್ ಅವರಿಗೆ ಒಂದು ಕಸ್ಟಮ್ ರೂಮ್ ತೆರೆದುಕೊಟ್ಟ.

ಅದೇ ಗುಂಡಿನಾಟದೊಳಗೆ ಆಟಗಾರರು ತಮ್ಮ ಮನಸ್ಸಿಗೆ ಬಂದ ನಿಯಮ ಹಾಕಿ ತೆರೆದುಕೊಳ್ಳುವ ಕೋಣೆಗಳಿಗೆ ಹಾಗೆನ್ನುತ್ತಾರೆ. ಅಲ್ಲಿ ರ‍್ಯಾಂಕ್ ಇಲ್ಲ, ಏರುವುದಿಲ್ಲ, ಇಳಿಯುವುದಿಲ್ಲ. ಕಾಕಾಗೆ ಸಿಕ್ಕಿದ್ದು ಜಾರಾಟದ ಕೋಣೆ. ನೆಲವೇ ಇಲ್ಲದ ಆಕಾಶದಲ್ಲಿ ಉದ್ದುದ್ದದ ಇಳಿಜಾರುಗಳು. ಒಂದರ ಮೈಗೆ ಅಂಟಿಕೊಂಡು ಜಾರಿ, ಹಾರಿ, ಮುಂದಿನದರ ಮೇಲೆ ಇಳಿಯಬೇಕು. ಬಿದ್ದರೆ ಮತ್ತೆ ಮೊದಲಿನಿಂದ. ಯಂತ್ರ ಎರಡನೇ ಸಲಕ್ಕೇ ಹೆಬ್ಬೆರಳನ್ನು ಒಪ್ಪಿತು, ಆದರೆ ಕಾಕಾ ಏಳಲಿಲ್ಲ. ಮರುದಿನವೂ ಬಂದರು. ಆಮೇಲೆ ದಿನಾ ಐದಕ್ಕೆ, ತಲೆಗೆ ಮಫ್ಲರ್ ಸುತ್ತಿಕೊಂಡು.

ವಿಠ್ಠಲ ಹಾಗೆ ಹೇಳಿದ ಮರುದಿನ ದಾಕ್ಷಾಯಣಿ ಬಂದಳು, ಕೂತಳು, ಆಟ ತೆರೆಯಲಿಲ್ಲ. ಕಾಕಾ ಕೂರುತ್ತಿದ್ದ ಪಕ್ಕದ ಸೀಟಿನ ಕಂಪ್ಯೂಟರು ಆ ದಿನ ಕೆಟ್ಟಿತ್ತು. ನೀ ಆಡೂದಿಲ್ಲಂದ್ರ ನಾ ಸ್ವಲ್ಪ ಕೂಡ್ಲೇನು ಎಂದು ಕಾಕಾ ಕೇಳಿದರು. ಹೀಗೆ ನಾನು ಮೊದಲ ಸಲ ಅವರ ಕೈಗೆ ಬಂದೆ. ಅಬ್ಬಾ, ಎಂಥ ಕೈ. ದೊಡ್ಡದು, ಒರಟು, ಸ್ಟೇರಿಂಗ್ ಹಿಡಿದು ಹಿಡಿದು ಗಟ್ಟಿಯಾದ ಅಂಗೈ. ಆದರೆ ನನ್ನ ಮೇಲೆ ಅದರ ಭಾರವೇ ಇರಲಿಲ್ಲ. ಕಾಕಾ ನನ್ನನ್ನು ಪ್ಯಾಡಿನ ಈ ತುದಿಯಿಂದ ಆ ತುದಿಗೆ ಒಂದೇ ಉಸಿರಿನಲ್ಲಿ, ಒಂದೇ ಬಾಗಿನಲ್ಲಿ ಒಯ್ದರು. ಪರದೆಯ ಮೇಲೆ ಮೂರು ಇಳಿಜಾರು ದಾಟಿದವು. ನಾಲ್ಕನೆಯದರಲ್ಲಿ ಬಿದ್ದು, ಸಣ್ಣಗೆ ನಕ್ಕು, ಮತ್ತೆ ಶುರು ಮಾಡಿದರು.

ದಾಕ್ಷಾಯಣಿ ನೋಡುತ್ತ ನಿಂತಿದ್ದಳು. ಒಂದು ಸಲ ನಾನು ನೋಡಲೇ ಎಂದಳು. ಕೂತವಳು ಮೊದಲ ಇಳಿಜಾರಿನಲ್ಲೇ ಹನ್ನೊಂದು ಸಲ ಬಿದ್ದಳು. ಊರಿನ ಹೆಸರಾಂತ ಆಟಗಾರ್ತಿ, ಗುಂಡು ಹಾರಿಸದ ಆಟದಲ್ಲಿ ಅಡ್ಡಡ್ಡ ಬೀಳುತ್ತಿದ್ದಳು.

ಕಾಕಾ ಪರದೆಯನ್ನು ನೋಡಲಿಲ್ಲವಂತೆ, ಅವಳ ಕೈ ನೋಡಿದರಂತೆ. "ಯವ್ವಾ, ಸ್ಟೇರಿಂಗ್ ಹಿಂಗ ಅಮುಕಿ ಹಿಡದ್ರ ಘಟ್ಟ ಇಳಿಯಾಕ ಆಗೂದಿಲ್ಲ. ತಿರುವು ತನ್ನಷ್ಟಕ್ಕ ಬರತೈತಿ. ನೀ ಅದರ ಜೋಡಿ ಹೋಗಬೇಕು, ಅದನ್ನ ಎಳೀಬಾರದು."

ಹನ್ನೆರಡನೇ ಸಲ ಅವಳ ಹೆಬ್ಬೆರಳು ನನ್ನ ಪಕ್ಕೆಯಿಂದ ಚೂರು ಸಡಿಲವಾಯಿತು. ಒಂದು ಇಳಿಜಾರು ದಾಟಿತು. ಎರಡನೆಯದೂ. ಮೂರನೆಯದರಲ್ಲಿ ಬಿದ್ದಾಗ ಅವಳು ನಕ್ಕಳು. ಎಷ್ಟೋ ವಾರಗಳ ನಂತರ ಆ ನಗುವಿನ ಅಲುಗಾಟ ನನ್ನ ಬೆನ್ನಿಗೆ ತಟ್ಟಿತು.

ಅವತ್ತು ಮನೆಗೆ ಹೋಗುವ ಮುಂಚೆ ಅವಳು ನೋಟುಬುಕ್ಕನ್ನು ಬ್ಯಾಗಿಗೆ ಹಾಕಿದಳು. ಮರುದಿನ ಅದು ಹೊರಗೆ ಬರಲಿಲ್ಲ.

ಮುಂದಿನ ದಿನಗಳು ನನ್ನ ಬಾಳಿನಲ್ಲಿ ಬಹಳ ಒಳ್ಳೆಯವು. ಐದರಿಂದ ಆರರವರೆಗೆ ಕಾಕಾ, ದಾಕ್ಷಾಯಣಿ, ಕೆಲಸವಿಲ್ಲದಿದ್ದರೆ ಅಶ್ಫಾಕ್ ಕಸ್ಟಮ್ ರೂಮಿನಲ್ಲಿರುತ್ತಿದ್ದರು. ಜಾರಾಟ ಸಾಕಾದರೆ 'ಒಂದೇ ಗುಂಡು'. ಅಲ್ಲಿ ಪ್ರತಿಯೊಬ್ಬರಿಗೂ ಸಿಗುವುದು ಒಂದು ಗುಂಡು. ತಗುಲಿದರೆ ಇನ್ನೊಂದು ಸಿಗುತ್ತದೆ, ತಪ್ಪಿದರೆ ಬರಿಗೈಯಲ್ಲಿ ಓಡಬೇಕು. ಬರಿಗೈಯಾದ ಅಶ್ಫಾಕ್ ಪರದೆಯ ಮೇಲೆ ಓಡುವಾಗ ಕುರ್ಚಿಯಲ್ಲೂ ಓಡುತ್ತಿದ್ದ. ಮೊದಮೊದಲು ದಾಕ್ಷಾಯಣಿ ಕಂಡಿದ್ದಕ್ಕೆಲ್ಲ ಹಾರಿಸಿ ಬರಿಗೈಯಾಗುತ್ತಿದ್ದಳು. ನಿಧಾನವಾಗಿ ಆ ತೋರುಬೆರಳು ಗುಂಡಿಯ ಮೇಲೆ ಕಾಯುವುದನ್ನು ಕಲಿಯಿತು. ಕಾಯುವಾಗ ಅದು ನಡುಗುವುದಿಲ್ಲ ಎಂಬುದು ಅವಳಿಗಿಂತ ಮೊದಲು ನನಗೆ ಗೊತ್ತಾಯಿತು.

ಇನ್ನೊಂದು ಕಣ್ಣಾಮುಚ್ಚಾಲೆ. ಅದರಲ್ಲಿ ಗುಂಡೇ ಇಲ್ಲ. ಒಬ್ಬರು ಹುಡುಕುವವರು, ಉಳಿದವರು ಅಡಗುವವರು. ಹೆಜ್ಜೆ ಸಪ್ಪಳ ಕೇಳಿಯೇ ಹಿಡಿಯಬೇಕು. ಒಂದು ಭಾನುವಾರ ಮಧ್ಯಾಹ್ನ ದಾಕ್ಷಾಯಣಿಯ ತಾಯಿ ಶಾರದವ್ವ ಸಂತೆಯ ಚೀಲ ಹಿಡಿದು ಮೆಟ್ಟಿಲು ಹತ್ತಿ ಬಂದರು. ಮಗಳು ದಿನಾ ಇಲ್ಲಿ ಏನು ಮಾಡುತ್ತಾಳೆ ಎಂದು ಕಣ್ಣಾರೆ ನೋಡುವ ಆಸೆ. ಕಾಕಾ ಎದ್ದು, ಕೂಡ್ರಿ ಬಾಯಾರ, ನೀವೂ ಒಂದು ಕೈ ನೋಡ್ರಿ ಎಂದು ತಮ್ಮ ಸೀಟು ಕೊಟ್ಟರು. ನಡೆಯುವುದು ಹೇಗೆ ಎಂದು ಮಗಳು ಹೇಳಿಕೊಟ್ಟಳು. ಶಾರದವ್ವ ನಾಲ್ಕು ಹೆಜ್ಜೆ ನಡೆದು, ಒಂದು ನೀರಿನ ಟ್ಯಾಂಕಿನ ಹಿಂದೆ ನಿಂತು, ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಎಂಟು ನಿಮಿಷ ಹುಡುಕಿದರೂ ದಾಕ್ಷಾಯಣಿಗೆ ಅವರು ಸಿಗಲಿಲ್ಲ. ಅಶ್ಫಾಕ್ ಬೇಕೆಂದೇ ಟ್ಯಾಂಕಿನಿಂದ ದೂರ ಧಡಧಡ ಓಡಾಡಿ ಅವಳ ದಾರಿ ತಪ್ಪಿಸುತ್ತಿದ್ದ. ಕೊನೆಗೆ ಶಾರದವ್ವನೇ, ಸಾಕು, ಅನ್ನಕ್ಕ ಇಡಬೇಕು ಎಂದು ಹೊರಗೆ ಬಂದರು. ಅವತ್ತಿನಿಂದ ತಿಂಗಳಿಗೊಮ್ಮೆಯಾದರೂ ಅವರು ಸಂತೆಯಿಂದ ಬರುವಾಗ ಮೇಲೆ ಹತ್ತಿ ಬರುತ್ತಿದ್ದರು. ಅಡಗುವುದರಲ್ಲಿ ಅವರನ್ನು ಮೀರಿಸಿದವರಿಲ್ಲ.

ಎರಡು ತಿಂಗಳು ತುಂಬುವ ಹೊತ್ತಿಗೆ ಗದಗಿನ ಆಟಗಾರ ಬಂದ. ಅವನಿಗೂ ದಾಕ್ಷಾಯಣಿಗೂ ಮೂರು ಅಭ್ಯಾಸ ಪಂದ್ಯ. ನನಗೆ ಭಯವಿತ್ತು, ಹಳೆಯ ಹಿಡಿತ ಮತ್ತೆ ಬಂದರೆ ಎಂದು. ಬರಲಿಲ್ಲ ಎನ್ನಲಾರೆ. ಮೊದಲ ಪಂದ್ಯದ ನಡುವೆ ಹೆಬ್ಬೆರಳು ಮತ್ತೆ ಪಕ್ಕೆಗೆ ಒತ್ತಿತು. ಅವಳಿಗೇ ಅದು ಗೊತ್ತಾಯಿತು. ಕೈ ಎತ್ತಿ, ದುಪಟ್ಟಾಕ್ಕೆ ಒರೆಸಿ, ಮತ್ತೆ ಇಟ್ಟಳು. ಇಳಿಜಾರಿಗೆ ಇಡುವ ಹಾಗೆ. ಮೂರರಲ್ಲಿ ಮೂರನ್ನೂ ಅವಳೇ ಗೆದ್ದಳು. ಗದಗಿನವನು ಒಳ್ಳೆಯವನು, ಎದ್ದು ಬಂದು ಕೈ ಕುಲುಕಿದ.

ಯಾವ ವಿಡಿಯೋ ನೋಡಿ ಕಲಿತೆ ಎಂದು ವಿಠ್ಠಲ ಕೇಳಿದ. ಕಂಬಳಿ ಕಾಕಾರ ಜೊತೆ ಜಾರಿದೆ, ಅವ್ವನ ಜೊತೆ ಕಣ್ಣಾಮುಚ್ಚಾಲೆ ಆಡಿದೆ ಎಂದಳು. ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡ ಅವನು ಮತ್ತೆ ಕೇಳಲಿಲ್ಲ.

ಬೆಳಗಾವಿಗೆ ಆಟಗಾರರು ತಂತಮ್ಮ ಮೌಸ್ ತರಬೇಕಿತ್ತು. ಅಶ್ಫಾಕ್ ನನ್ನ ಬಾಲ ಸುತ್ತಿ ದಾಕ್ಷಾಯಣಿಯ ಕೈಗೆ ಕೊಟ್ಟು, ಇನ್ನು ಇದು ನಿಂದೇ ಎಂದ. ಹೀಗೆ ಸೆಂಟರಿನ ಸೊತ್ತಾಗಿದ್ದ ನಾನು ಒಬ್ಬಳ ಸೊತ್ತಾದೆ. ಕಾಕಾ ತಮ್ಮ ಹಳೆಯ ಡ್ಯೂಟಿಯ ಸ್ವೆಟರ್ ಹಾಕಿಕೊಂಡು ನಮ್ಮ ಬಸ್ಸಿನಲ್ಲೇ ಬಂದರು. ದಾರಿಯುದ್ದಕ್ಕೂ ಡ್ರೈವರನ ಗೇರು ಬದಲಾವಣೆಯ ಬಗ್ಗೆ ಸಣ್ಣ ಧ್ವನಿಯಲ್ಲಿ ಅಭಿಪ್ರಾಯ ಹೇಳುತ್ತಿದ್ದರು.

ಪಂದ್ಯ ಒಂದು ಕಲ್ಯಾಣ ಮಂಟಪದಲ್ಲಿ. ಹದಿನಾರು ತಂಡ. ಎರಡು ದಿನದಲ್ಲಿ ಉಣಕಲ್ ಐದು ಅಂತಿಮ ಘಟ್ಟಕ್ಕೆ ಬಂದಿತು. ಅಲ್ಲಿ ಮೂರು ಪಂದ್ಯ, ಎರಡು ಗೆದ್ದವರದು ಬಹುಮಾನ. ಮೊದಲನೆಯದನ್ನು ನಮ್ಮವರು ಗೆದ್ದರು. ಎರಡನೆಯದರಲ್ಲಿ ಹನ್ನೆರಡು ಸುತ್ತು ಗೆದ್ದು ನಿಂತಲ್ಲಿಂದ ಕೈಚೆಲ್ಲಿ ಸೋತರು. ಗೆದ್ದೇಬಿಟ್ಟೆವು ಎಂದುಕೊಂಡಾಗ ಸೋತರೆ ಮನುಷ್ಯರ ಕೈ ಏನಾಗುತ್ತದೆ ಎಂದು ಆ ದಿನ ಕಂಡೆ. ಮೂರನೆಯದಕ್ಕೆ ಮುಂಚೆ ಇಪ್ಪತ್ತು ನಿಮಿಷ ಬಿಡುವು. ವಿಠ್ಠಲ ಮೇಜಿನ ಮೇಲೆ ಬೆರಳು ಬಡಿಯುತ್ತಿದ್ದ. ಉಳಿದವರು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲವಂತೆ.

ದಾಕ್ಷಾಯಣಿ ನನ್ನನ್ನು ಸರಿಸಿ ಒಂದು ಕಸ್ಟಮ್ ರೂಮ್ ತೆರೆದಳು. ಎಲ್ಲರೂ ಬನ್ನಿ, ಕಣ್ಣಾಮುಚ್ಚಾಲೆ ಆಡೋಣ ಎಂದಳು.

"ತಲಿ ನೆಟ್ಟಗೈತಿಲ್ಲೋ ನಿಂದು? ಮಂದಿ ನೋಡಾಕತ್ತಾರ," ಎಂದ ವಿಠ್ಠಲ.

"ನೋಡ್ಲಿ ಬಿಡು. ಧಾರವಾಡದಾಗ ನನಗ ಆಗಿದ್ದು ಈಗ ನಿಮಗೆಲ್ಲಾರಿಗೂ ಆಗಾಕತ್ತೈತಿ. ಇಪ್ಪತ್ತು ನಿಮಿಷ ಹಿಂಗ ಕುಂತ್ರ ಕೈ ಇನ್ನೂ ಕಟ್ಟತಾವು. ನನ್ನ ಮಾತ ಕೇಳು, ಒಂದ ಆಟ."

ಅವಳ ಧ್ವನಿ ಏರಿರಲಿಲ್ಲ. ವಿಠ್ಠಲ ತನ್ನ ಮೌಸ್ ಹಿಡಿದ.

ಅಡಗಲು ಹೋದ ವಿಠ್ಠಲ ಎರಡು ಪೆಟ್ಟಿಗೆಗಳ ನಡುವೆ ನುಗ್ಗಿ ಸಿಕ್ಕಿಹಾಕಿಕೊಂಡ. ಮುಂದೆಯೂ ಬರಲಾರ, ಹಿಂದೆಯೂ ಹೋಗಲಾರ. ಅರ್ಧ ಮೈ ಹೊರಗೆ, ಕಾಲು ಮಾತ್ರ ಓಡುತ್ತಿದೆ. ಹುಡುಕುವವಳು ದಾಕ್ಷಾಯಣಿ. ಅವಳು ಅವನ ಮುಂದೆ ಬಂದು ನಿಂತು, ಕಾಣದವಳ ಹಾಗೆ ಅತ್ತಿತ್ತ ನೋಡಿ, ಹೊರಟು ಹೋದಳು. ಮತ್ತೆ ಬಂದಳು. ಮತ್ತೆ ಕಾಣಲಿಲ್ಲ. ಮೂರನೇ ಸಲಕ್ಕೆ ವಿಠ್ಠಲನ ಗಂಟಲಿನಿಂದ ಒಂದು ಸದ್ದು ಬಂತು. ಇಷ್ಟು ದಿನಗಳಲ್ಲಿ ನಾನು ಮೊದಲ ಸಲ ಕೇಳಿದ ಅವನ ನಗು. ಐದೂ ಜನ ಹೊಟ್ಟೆ ಹಿಡಿದು ನಗುವಾಗ ಎದುರಿನ ತಂಡದವರು ಎದ್ದು ನಿಂತು ನೋಡಿದರಂತೆ.

ಮೂರನೇ ಪಂದ್ಯ ಹನ್ನೆರಡು ಹನ್ನೆರಡಕ್ಕೆ ಬಂದು ನಿಂತಿತು. ಕೊನೆಯ ಸುತ್ತು. ನಮ್ಮವರು ಗೋದಾಮು ಕಾಯುವವರು. ಒಬ್ಬೊಬ್ಬರಾಗಿ ಬಿದ್ದು ಕೊನೆಗೆ ಉಳಿದವಳು ದಾಕ್ಷಾಯಣಿ. ಎದುರಿಗೆ ಇಬ್ಬರು. ಕೋವಿಯಲ್ಲಿ ಮೂರು ಗುಂಡು. ಮತ್ತೆ ತುಂಬಿದರೆ ಸದ್ದಾಗುತ್ತದೆ. ಅವಳು ತುಂಬಲಿಲ್ಲ.

ಬಲಗಡೆಯ ಬಾಗಿಲಿನ ಹತ್ತಿರ ಧಡಧಡ ಹೆಜ್ಜೆ ಕೇಳಿಸಿತು. ನಾನು ಬಲಕ್ಕೆ ತಿರುಗಲು ಸಿದ್ಧವಾಗಿದ್ದೆ. ಅವಳು ತಿರುಗಿಸಲಿಲ್ಲ. ಅಂಗೈ ಬೆಚ್ಚಗಿತ್ತು, ಭಾರವಿರಲಿಲ್ಲ. ಇಷ್ಟು ಸದ್ದು ಮಾಡುವವನು ಅಶ್ಫಾಕ್, ಸದ್ದಿಲ್ಲದವರು ಅವ್ವ ಎಂದುಕೊಂಡೆ ಎಂದು ಆಮೇಲೆ ಅವಳು ಹೇಳಿದಳು. ಆ ಕೈ ನನ್ನನ್ನು ಎಡಕ್ಕೆ, ಒಂದೇ ಬಾಗಿನಲ್ಲಿ ಒಯ್ದಿತು. ಎಡಗಡೆಯ ಕಿಟಕಿಯ ಕೆಳಗೆ ಒಬ್ಬ ಉಸಿರು ಬಿಗಿಹಿಡಿದು ಕೂತಿದ್ದ. ಬೆರಳು ಕಾದಿತು, ಅವನು ತಲೆ ಎತ್ತಿದ, ಬೆರಳು ಗುಂಡಿಯನ್ನು ಒಂದು ಸಲ ಒತ್ತಿತು. ಬಿದ್ದ.

ಸದ್ದು ಮಾಡುತ್ತಿದ್ದವನು ಓಡಿ ಬಂದ. ನಾನು ಹಿಂದಿರುಗಿದೆ. ಎರಡನೇ ಗುಂಡು ಗೋಡೆಗೆ ಹೋಯಿತು. ಹಳೆಯ ದಾಕ್ಷಾಯಣಿಯಾಗಿದ್ದರೆ ಅಲ್ಲೇ ಕೈ ಕಟ್ಟುತ್ತಿತ್ತು. ಈ ಕೈ ತಪ್ಪಿದ್ದನ್ನು ತಪ್ಪಿದ್ದೆಂದು ಬಿಟ್ಟು ಮುಂದಕ್ಕೆ ಜಾರಿತು. ಮೂರನೆಯದು ತಗುಲಿತು.

ಕೂಗು, ಚಪ್ಪಾಳೆ, ಕುರ್ಚಿ ಬಿದ್ದ ಸದ್ದು. ವಿಠ್ಠಲ ಅವಳನ್ನು ಹೆಗಲು ಹಿಡಿದು ಅಲ್ಲಾಡಿಸುತ್ತಿದ್ದ, ಅವಳೊಂದಿಗೆ ನಾನೂ ಅಲ್ಲಾಡಿದೆ. ಅವಳ ಅಂಗೈ ನನ್ನನ್ನು ಬಿಟ್ಟಿರಲಿಲ್ಲ. ಅದರ ಮೇಲೆ ಒಂದು ಹನಿ ಬಿದ್ದು ಬೆರಳ ಸಂದಿಯಿಂದ ನನ್ನ ಬೆನ್ನಿಗೆ ಇಳಿಯಿತು. ಕಾಕಾ ಮೊದಲ ಸಾಲಿನಿಂದ ಎದ್ದು ಬಂದು, ಮುಗೀತೇನವಾ, ಹಂಗಾದ್ರ ಊಟಕ್ಕ ಹೋಗೂಣು ಎಂದರು.

ಹುಬ್ಬಳ್ಳಿಗೆ ಬಂದ ಮೇಲೆ ವಿಠ್ಠಲ ತಂಡದ ಅಭ್ಯಾಸದಲ್ಲಿ ದಿನಕ್ಕೆ ಒಂದು ಗಂಟೆ ಕಸ್ಟಮ್ ರೂಮ್ ಎಂದು ಬರೆದು ಗೋಡೆಗೆ ಅಂಟಿಸಿದ. ಅಷ್ಟಕ್ಕೇ ನಿಲ್ಲಲಿಲ್ಲ. ಯಾರು ಎಷ್ಟು ಇಳಿಜಾರು ದಾಟಿದರು ಎಂದು ಪಟ್ಟಿ ಮಾಡಲು ಹೊರಟ. ದಾಕ್ಷಾಯಣಿ ಆ ಪಟ್ಟಿಯನ್ನು ತೆಗೆದು ಮಡಚಿ ಅವನ ಜೇಬಿಗೇ ಹಾಕಿದಳು. "ಇದನ್ನೂ ಬರಕೋಂತ ಕುಂತ್ರ ಇದೂ ಮ್ಯಾಚ ಆಗತೈತಿ. ಆಮ್ಯಾಲೆ ಕೈ ಸಡಲ ಮಾಡ್ಕೊಳ್ಳಾಕ ಎಲ್ಲಿಗೆ ಹೋಗೂದು?" ವಿಠ್ಠಲ ಯೋಚಿಸಿ, ಸರಿ ಎಂದ.

ಮೂರು ವರ್ಷ ನಾನು ಅವಳ ಜೊತೆ ಊರೂರು ತಿರುಗಿದೆ. ಕೆಲವೊಮ್ಮೆ ಗೆದ್ದೆವು, ಬಹಳ ಸಲ ಸೋತೆವು. ಕೈ ಮಾತ್ರ ಮತ್ತೆ ಕಟ್ಟಲಿಲ್ಲ. ಆಮೇಲೆ ನನಗೆ ವಯಸ್ಸಾಯಿತು. ಎಡಗುಂಡಿ ಒಂದು ಸಲ ಒತ್ತಿದರೆ ಎರಡು ಸಲ ಸಿಡಿಯತೊಡಗಿತು, ಕೊನೆಗೆ ಸಿಡಿಯುವುದನ್ನೇ ಬಿಟ್ಟಿತು. ದಾಕ್ಷಾಯಣಿ ಹೊಸ ಮೌಸ್ ತಂದಳು. ನನ್ನನ್ನು ಎಸೆಯಲು ಅವಳಿಗೆ ಮನಸ್ಸಾಗಲಿಲ್ಲ. ಅಷ್ಟರಲ್ಲಿ ಕಾಕಾ ಮೊಣಕಾಲಿನ ನೋವಿನಿಂದ ಮೆಟ್ಟಿಲು ಹತ್ತುವುದು ಬಿಟ್ಟಿದ್ದರು. ಅವರ ಮಗಳು ಮನೆಯಲ್ಲೇ ಒಂದು ಹಳೆಯ ಕಂಪ್ಯೂಟರು ಜೋಡಿಸಿಕೊಟ್ಟಿದ್ದಳು. ದಾಕ್ಷಾಯಣಿ ಒಂದು ಬೆಳಿಗ್ಗೆ ನನ್ನನ್ನು ಅಲ್ಲಿಗೆ ಒಯ್ದು, ಕಾಕಾ, ಇದಕ್ಕ ಗುಂಡ ಹೊಡಿಯಾಕ ಬರೂದಿಲ್ಲ, ಉಳದಿದ್ದೆಲ್ಲಾ ಬರತೈತಿ ಎಂದಳು. ಹೊಡೆಯುವುದು ನನಗೇಕೆ ಬೇಕು ಎಂದರು ಕಾಕಾ.

ಈಗ ಗೋಕುಲ ರಸ್ತೆಯ ಆ ಮನೆಯ ಕಿಟಕಿಯ ಪಕ್ಕ ನನ್ನ ವಾಸ. ಬೆಳಿಗ್ಗೆ ಬಿಸಿಲು ಬೆನ್ನಿಗೆ ಬೀಳುತ್ತದೆ. ಹತ್ತಕ್ಕೆ ಕಾಕಾ ಚಹಾ ಕುಡಿದು ಬಂದು ಕೂರುತ್ತಾರೆ. ಆ ಗಟ್ಟಿ ಅಂಗೈ ಹೂವಿನ ಹಾಗೆ ನನ್ನ ಮೇಲೆ ಇಳಿಯುತ್ತದೆ. ಭಾನುವಾರ ದಾಕ್ಷಾಯಣಿ ತನ್ನ ಮನೆಯಿಂದ, ಅಶ್ಫಾಕ್ ಸೆಂಟರಿನಿಂದ ಅದೇ ಕಸ್ಟಮ್ ರೂಮಿಗೆ ಬರುತ್ತಾರೆ. ಶಾರದವ್ವನೂ ಮಗಳ ಪಕ್ಕದಲ್ಲಿ ಕೂತು ದಾರಿ ಹೇಳುವುದು ಕೇಳಿಸುತ್ತದೆ. ನನ್ನನ್ನು ಕಾರ್ಖಾನೆಯಲ್ಲಿ ಮಾಡಿದ್ದು ಬೇಗ ಬೇಗ ಗುರಿ ಹೊಡೆಯಲಿ ಎಂದೇ ಇರಬೇಕು. ಆ ಕೆಲಸವನ್ನು ನಾನು ಮಾಡಿದ್ದೇನೆ, ಮಾಡಿದ್ದಕ್ಕೆ ಹೆಮ್ಮೆಯೂ ಇದೆ. ಆದರೆ ಯಾರಾದರೂ ಹೊಸ ಮೌಸ್ ನನ್ನ ಪಕ್ಕ ಕೂತು ಅಜ್ಜ, ನಿನ್ನ ಬಾಳಿನ ಸುಖ ಯಾವುದು ಎಂದು ಕೇಳಿದರೆ, ಬಿಗಿ ಹಿಡಿದ ಒಂದು ಕೈ ನನ್ನ ಮೇಲೆ ಸಡಿಲವಾದ ಆ ಗಳಿಗೆ ಎನ್ನುತ್ತೇನೆ.

ಇವತ್ತು ಕಾಕಾ ಒಂಬತ್ತನೇ ಇಳಿಜಾರಿನವರೆಗೆ ಹೋದರು. ಇದುವರೆಗೆ ಅವರು ಅಷ್ಟು ದೂರ ಹೋದದ್ದಿಲ್ಲ. ಆಮೇಲೆ ಬಿದ್ದರು. ಬಿದ್ದು, ಸಣ್ಣಗೆ ನಕ್ಕು, ಮಫ್ಲರ್ ಸರಿಮಾಡಿಕೊಂಡು, ನನ್ನನ್ನು ಮತ್ತೆ ಮೊದಲಿಗೆ ತಂದು ನಿಲ್ಲಿಸಿದ್ದಾರೆ. ಹೊರಡಬೇಕು.